ನೆಗಡಿಗೆ ಮೂಗು ಕೊಯ್ಯುವ ವೈದ್ಯರು

ಗಣಕಯಂತ್ರ ದುರಸ್ತಿಯ ಅಂಗಡಿಗಳಲ್ಲಿ ಸಕಲ ವ್ಯಾಧಿಗಳಿಗೂ ಒಂದೇ ಮದ್ದು ದೊರೆಯುತ್ತದೆ: "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ಇದನ್ನು ನಾನು ಖಂಡಿಸಲೇಬೇಕಾಗಿದೆ. ಈ ಮಾತಿಗೆ ತಲೆಯಾಡಿಸಿ ಮನೆಯ ಛಾಯಾಚಿತ್ರಗಳನ್ನೆಲ್ಲ ಕಳೆದುಕೊಂಡವರು ನಮ್ಮ ಬಂಧುಬಳಗದಲ್ಲೇ ಇದ್ದಾರೆ.

ಇತ್ತೀಚಿನ ಪ್ರಸಂಗವನ್ನೇ ನೋಡಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗ, ವಿಂಡೋಸ್ ಮತ್ತು ಉಬುಂಟು ಎರಡೂ ಇದ್ದ ಹಳೆಯ ಗಣಕದಲ್ಲಿ ಸ್ಥಳ ಸಾಲದೆಂದು ಉಬುಂಟುವಿನ ವಿಭಾಗವನ್ನು ಅಳಿಸಿದ. ಮತ್ತೆ ಚಾಲೂ ಮಾಡಿದರೆ ಕಪ್ಪು ತೆರೆ. ಅದರ ಮೇಲೆ "ಗ್ರಬ್ ರೆಸ್ಕ್ಯೂ" ಎಂಬ ಅಕ್ಷರಗಳು. ಅಂಗಡಿಯಾತ ಒಂದು ನೋಟ ನೋಡಿ, "ಡೇಟಾ ಹೋಗಿದೆ, ಫಾರ್ಮ್ಯಾಟೇ ಗತಿ" ಎಂದು ತೀರ್ಪಿತ್ತ. ಆ ಡಿಸ್ಕಿನಲ್ಲಿ ಆಕೆಯ ದಿವಂಗತ ತಂದೆಯ ಧ್ವನಿಮುದ್ರಣಗಳಿದ್ದವು. ಬೇರೆಲ್ಲೂ ಪ್ರತಿಯಿರಲಿಲ್ಲ.

ವಾಸ್ತವವಾಗಿ ಹೋದದ್ದೇನು? ಹಳೆಯ ಬಯೋಸ್ ಪದ್ಧತಿಯ ಗಣಕವು ಎಚ್ಚರಗೊಂಡೊಡನೆ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಅವುಗಳಲ್ಲಿ 446 ಬೈಟುಗಳು ಬೂಟ್‌ಲೋಡರಿನ ಆರಂಭದ ತುಣುಕಿಗೆ ಮೀಸಲು. ಆಮೇಲಿನ 64 ಬೈಟುಗಳು ವಿಭಾಗಗಳ ಪಟ್ಟಿ, ಒಂದಕ್ಕೆ 16ರಂತೆ ನಾಲ್ಕಕ್ಕೆ. (ನನ್ನ ತರಗತಿಯಲ್ಲಿ ಕುಳಿತವರಿಗೆ ಉಳಿದ ಎರಡು ಬೈಟುಗಳ ಲೆಕ್ಕ ತಿಳಿಯದಿರದು; ಅವು ಕೊನೆಯ ಮುದ್ರೆ.) ಗ್ರಬ್‌ನ ಮುಖ್ಯ ಕಡತಗಳು ಇದ್ದದ್ದು ಉಬುಂಟುವಿನ ವಿಭಾಗದಲ್ಲಿ. ಆ ವಿಭಾಗ ಅಳಿದ ಮೇಲೆ ಆರಂಭದ ತುಣುಕು ಬಾಗಿಲಲ್ಲಿ ನಿಂತು, ಇಲ್ಲದ ಮನೆಯ ವಿಳಾಸವನ್ನು ಹುಡುಕುತ್ತಿತ್ತು. ಪಕ್ಕದಲ್ಲೇ ವಿಂಡೋಸ್ ಇತ್ತು, ತಂದೆಯ ಧ್ವನಿಯೂ ಇತ್ತು, ಎಲ್ಲವೂ ಸುರಕ್ಷಿತವಾಗಿ.

ಮದ್ದು ಕೆಲವೇ ನಿಮಿಷಗಳದ್ದು. ವಿಂಡೋಸ್ ಅನುಸ್ಥಾಪನೆಯ ಪೆನ್‌ಡ್ರೈವಿನಿಂದ ಯಂತ್ರವನ್ನು ತೆರೆದು, ದುರಸ್ತಿಯ ಆಯ್ಕೆಗಳಲ್ಲಿ ಕಮಾಂಡ್ ಪ್ರಾಂಪ್ಟಿಗೆ ಹೋಗಿ "ಬೂಟ್‌ರೆಕ್ /ಫಿಕ್ಸ್‌ಎಂಬಿಆರ್" ಎಂಬ ಆದೇಶ ಕೊಡಬೇಕು. ಅದು ಆರಂಭದ ತುಣುಕನ್ನಷ್ಟೇ ಹೊಸದಾಗಿ ಬರೆಯುತ್ತದೆ, ವಿಭಾಗಗಳ ಪಟ್ಟಿಯನ್ನು ಮುಟ್ಟುವುದಿಲ್ಲ. ಆ ಹುಡುಗನೇ ಮನೆಯಲ್ಲಿ ಕುಳಿತು ಇದನ್ನು ಮಾಡಿದ. ಉಬುಂಟು ಉಳಿದಿದ್ದು ವಿಭಾಗದ ಸಂಖ್ಯೆ ಮಾತ್ರ ಬದಲಾಗಿದ್ದರೆ, ಲೈವ್ ಪೆನ್‌ಡ್ರೈವಿನಿಂದ "ಗ್ರಬ್-ಇನ್‌ಸ್ಟಾಲ್" ನಡೆಸಬೇಕಾಗುತ್ತಿತ್ತು. ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಬೂಟ್‌ಲೋಡರ್ ಒಂದು ಪುಟ್ಟ ಪ್ರತ್ಯೇಕ ವಿಭಾಗದೊಳಗೆ ಕಡತವಾಗಿರುತ್ತದೆ. ಅಲ್ಲಿ ಅನೇಕ ಸಲ ಬೂಟ್ ಮೆನುವಿನಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಆರಿಸಿದರೆ ಸಾಕಾಗುತ್ತದೆ.

ಅಂಗಡಿಯವರ ಕಷ್ಟವನ್ನು ನಾನು ಅರಿಯದವನಲ್ಲ. ದಿನವಿಡೀ ಯಂತ್ರಗಳ ಸಾಲು. ಫಾರ್ಮ್ಯಾಟಿಗೆ ದರ ನಿಗದಿಯಾಗಿದೆ, ಹುಡುಕಾಟಕ್ಕೆ ಯಾರೂ ಹಣ ಕೊಡುವುದಿಲ್ಲ. ಒಪ್ಪಿದೆ. ಆದರೆ "ನನಗೆ ಪುರುಸೊತ್ತಿಲ್ಲ" ಎನ್ನುವುದು ಒಂದು, "ನಿಮ್ಮ ಡೇಟಾ ಹೋಗಿದೆ" ಎನ್ನುವುದು ಮತ್ತೊಂದು. ಪರೀಕ್ಷಿಸದೆ ಎರಡನೆಯದನ್ನು ನುಡಿಯುವುದು ಸುಳ್ಳು. ಆ ಸುಳ್ಳನ್ನು ನಂಬಿಸಿ ಫಾರ್ಮ್ಯಾಟ್ ಮಾಡಿದರೆ ಅದೇ ನಿಜವಾಗಿಬಿಡುತ್ತದೆ. ಡಿಸ್ಕೇ ಕಟಕಟ ಸದ್ದು ಮಾಡುತ್ತಿದ್ದರೆ ಮಾತು ಬೇರೆ, ಅದು ನೆಗಡಿಯಲ್ಲ.

ಆದ್ದರಿಂದ ಬಂಧುಗಳೇ, ಶಿಷ್ಯರೇ, ಮುಂದೆ ಯಾರಾದರೂ ಆ ಮಂತ್ರವನ್ನು ಹೇಳಿದರೆ, ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ತೆರೆದು ನಿಮ್ಮ ಕಡತಗಳನ್ನು ತೋರಿಸುವಂತೆ ಕೇಳಿ. ಅದಕ್ಕಾಗಿ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಕಿಲ್ಲ. ಕಡತಗಳು ಕಂಡರೆ ಮೊದಲು ಬೇರೊಂದು ಡಿಸ್ಕಿಗೆ ನಕಲು, ಅನಂತರ ಬೂಟ್‌ಲೋಡರ್. ತೋರಿಸಲೊಪ್ಪದಿದ್ದರೆ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಎದ್ದುಬನ್ನಿ.