ನೇತ್ರಾಣಿಗೆ ಒಂದು ಹಗಲು ಸಾಲದು

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಇಳಿದು, ಎರಡು ಇಡ್ಲಿ ತಿಂದು ದೋಣಿ ಏರಿದರೆ ಮಧ್ಯಾಹ್ನದೊಳಗೆ ನೇತ್ರಾಣಿ ದ್ವೀಪದ ಬಳಿ ಮುಳುಗಿ ಎದ್ದಿರಬಹುದು. ಸಂಜೆ ಮತ್ತೆ ಬಸ್ಸು. ವಿಡಿಯೊ ಆ ಹೊತ್ತಿಗಾಗಲೇ ಸ್ಟೇಟಸ್‌ನಲ್ಲಿ. ಕರ್ನಾಟಕದ ಕಡಲಿನಲ್ಲಿ ಸ್ಕೂಬಾ ಎಂದರೆ ಹಲವರ ಪಾಲಿಗೆ ಇಷ್ಟೇ. ಖರ್ಚಿನ ಲೆಕ್ಕದಲ್ಲಿ ಇದು ಸಲೀಸು. ದೇಹಕ್ಕೂ ದ್ವೀಪಕ್ಕೂ ಮಾತ್ರ ಒಳ್ಳೆಯದಲ್ಲ.

ಸ್ಕೂಬಾ ಎಂದಾಕ್ಷಣ ಕನ್ನಡಿಗರಿಗೆ ಅಂಡಮಾನ್ ನೆನಪಾಗುತ್ತದೆ, ಈಚೆಗೆ ಲಕ್ಷದ್ವೀಪ. ಭಟ್ಕಳ ತಾಲ್ಲೂಕಿನ ತೀರದಿಂದ ಸುಮಾರು 19 ಕಿ.ಮೀ. ಆಚೆ ನಮ್ಮದೇ ಹವಳದ ತಾಣವಿದೆ ಎಂಬುದು ತಡವಾಗಿ ಗೊತ್ತಾದ ಸಂಗತಿ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿ ನೀರಿಗಿಳಿದ ಮೇಲೆ ಹೆಸರು ಮನೆಮನೆಗೆ ಮುಟ್ಟಿತು. ಅದಕ್ಕೂ ಮೊದಲೇ ಮೀನುಗಾರರಿಗೆ ಇದು ಹರಕೆಯ ಗುಡ್ಡ. ಅವರು ಬಿಟ್ಟ ಮೇಕೆಗಳು ಅಲ್ಲೇ ಕಾಡು ಸೇರಿವೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಇಂಥ ಜಾಗವನ್ನು ನೌಕಾಪಡೆ ಫಿರಂಗಿ ಅಭ್ಯಾಸದ ಗುರಿಯಾಗಿ ಬಳಸಿದೆ ಎಂಬುದು ಬೇರೆಯೇ ಕಥೆ. ಪರಿಸರವಾದಿಗಳು ಅದನ್ನು ವಿರೋಧಿಸಿದ್ದು ನ್ಯಾಯವೇ ಆಗಿತ್ತು.

ದೋಣಿಯ ದಾರಿ ಒಂದು, ಒಂದೂವರೆ ಗಂಟೆ. ರಾತ್ರಿಯಿಡೀ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು ಬಂದವರು ಅರ್ಧ ದಾರಿಗೇ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಾರೆ. ಅಂಥವರ ಬೆನ್ನಿಗೇ ಸಿಲಿಂಡರ್ ಏರುತ್ತದೆ. ಈಜು ಬಾರದವರಿಗೂ ಅವಕಾಶವಿದೆ. ತರಬೇತುದಾರ ಹಿಂದಿನಿಂದ ಸಿಲಿಂಡರ್ ಹಿಡಿದು ನಡೆಸುತ್ತಾನೆ, ಆಳ 12 ಮೀಟರ್ ಮೀರುವಂತಿಲ್ಲ. ಮೂಗು ಒತ್ತಿ ಕಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕು, ಉಸಿರು ಬಿಗಿಹಿಡಿಯಬಾರದು, ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಇದನ್ನೆಲ್ಲ ಗಡಿಬಿಡಿಯಲ್ಲಿ ಕೇಳಿಸಿಕೊಂಡವರು ಕ್ಯಾಮೆರಾ ಕಂಡೊಡನೆ ಖುಷಿಗೆ ಹೆಬ್ಬೆರಳು ಎತ್ತುತ್ತಾರೆ. ಬಂಡೆಯ ಸಂದಿನಿಂದ ಬಾಯಿ ತೆರೆದು ನೋಡುವ ಮೊರೆ ಈಲ್, ಹವಳ ಕೆರೆಯುವ ಗಿಣಿಮೀನು, ಗುಂಪಾಗಿ ಸರಿದುಹೋಗುವ ಬರಾಕುಡಾ ಯಾವುದೂ ಅವರ ಗಮನಕ್ಕೆ ಬರುವುದಿಲ್ಲ. ನೋಡಿದ್ದೇನು ಎಂದು ದಡದಲ್ಲಿ ಕೇಳಿದರೆ ಉತ್ತರ: ‘ಮೀನು.’

ಇದಕ್ಕಿಂತ ಗಂಭೀರ ವಿಷಯ ವಾಪಸಾತಿಯದು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗುತ್ತದೆ. ಮೇಲೆ ಬಂದ ಬಳಿಕ ತಾಸುಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದರ ನಡುವೆ ಸುತ್ತಲಿನ ಗಾಳಿಯ ಒತ್ತಡ ಕುಸಿದರೆ ಗುಳ್ಳೆಗಟ್ಟುವ ಅಪಾಯವಿದೆ. ಆದ್ದರಿಂದಲೇ ಒಂದು ಬಾರಿ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕೆಂಬ ಮಾರ್ಗಸೂಚಿ ಇರುವುದು. ವಿಮಾನದೊಳಗಿನ ಒತ್ತಡ ಸುಮಾರು 600 ಮೀಟರಿಗೂ ಮೇಲ್ಪಟ್ಟ ಎತ್ತರಕ್ಕೆ ಸಮನಾಗಿರುವಾಗ ಈ ಲೆಕ್ಕ ಅನ್ವಯವಾಗುತ್ತದೆ. ಬೆಂಗಳೂರೇ ಕಡಲ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ! ವಿಮಾನ ಏರುವ ಮುನ್ನ ಕಾಯುವ ಜನ ಘಾಟಿ ಹತ್ತುವ ಬಸ್ಸು ಏರುವ ಮುನ್ನ ಕಾಯುವುದಿಲ್ಲ. ಕಡಿಮೆ ಆಳದಲ್ಲಿ ಇಪ್ಪತ್ತು ನಿಮಿಷ ಇದ್ದು ಬಂದವರಿಗೆ ಅಪಾಯ ಕಡಿಮೆ ನಿಜ. ಕೋರ್ಸ್ ಮಾಡಿ 18 ಮೀಟರ್‌ವರೆಗೆ ದಿನಕ್ಕೆರಡು ಬಾರಿ ಇಳಿಯುವವರು ಅದೇ ಸಂಜೆಯ ಬಸ್ಸು ಹಿಡಿಯುವುದು ಮಾತ್ರ ಶುದ್ಧ ಅವಿವೇಕ.

ಎರಡು ರಾತ್ರಿ ತಂಗಿದರೆ ಈ ಗೊಂದಲವೇ ಇಲ್ಲ. ಮೊದಲ ದಿನ ಕೊಳದಲ್ಲೋ ತೀರದಲ್ಲೋ ಅಭ್ಯಾಸ, ಚೆನ್ನಾಗಿ ನಿದ್ದೆ, ಮರುದಿನ ನೇತ್ರಾಣಿ, ಅದರ ಮರುದಿನ ಊರಿಗೆ. ಕಡಲು ಕೆಟ್ಟರೆ ಯಾತ್ರೆ ರದ್ದುಮಾಡಲು ಆಯೋಜಕರಿಗೂ ಧೈರ್ಯ ಬರುತ್ತದೆ. ‘ಸಂಜೆಗೆ ಬಸ್ಸಿದೆ’ ಎಂಬ ಒತ್ತಾಯ ಇರುವುದಿಲ್ಲ. ಮುರುಡೇಶ್ವರದ ಊಟದ ಮನೆಗಳಿಗೆ, ಲಾಡ್ಜುಗಳಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಸ್ಕೂಬಾ ನಿಂತೇ ಹೋಗುವ ಊರಿಗೆ ಅದು ಸಣ್ಣ ಮಾತಲ್ಲ.

ಇನ್ನು ದ್ವೀಪದ ಪಾಡು. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಾನೂನಿನ ಕಣ್ಣಿನಲ್ಲಿ ಅವಕ್ಕೆ ಹುಲಿಯಷ್ಟೇ ರಕ್ಷಣೆ. ಹುಲಿಯ ಬೆನ್ನು ಸವರಲು ಯಾರೂ ಹೋಗುವುದಿಲ್ಲ. ಹವಳ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಇದ್ದೇ ಇದ್ದಾರೆ. ಪ್ರವಾಸಿಗನ ಕಾಲಿನ ಫಿನ್‌ಗಿಂತ ದೊಡ್ಡ ಪೆಟ್ಟು ಲಂಗರಿನದು. ಹವಳದ ಮೇಲೆ ಬಿದ್ದ ಕಬ್ಬಿಣ, ಗಾಳಿಗೆ ದೋಣಿ ಸರಿದಾಗ ಎಳೆದಾಡುವ ಸರಪಳಿ ವರ್ಷಗಟ್ಟಲೆ ಬೆಳೆದದ್ದನ್ನು ಕ್ಷಣದಲ್ಲಿ ಮುರಿಯುತ್ತವೆ. ಖಾಯಂ ತೇಲುಬುರುಡೆಗೆ ದೋಣಿ ಕಟ್ಟುವುದೊಂದೇ ಇದಕ್ಕೆ ಪರಿಹಾರ. ಅದೇನೂ ರಾಕೆಟ್ ವಿಜ್ಞಾನವಲ್ಲ, ದುಬಾರಿಯೂ ಅಲ್ಲ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರು ಸಾಲುಗಟ್ಟಿದ ಚಿತ್ರ ಕಂಡೊಡನೆ ಸರ್ಕಾರ ಎಚ್ಚೆತ್ತು, ಒಂದು ಹಾದಿಗೆ ದಿನಕ್ಕೆ 300 ಜನ, ಅದೂ ಆನ್‌ಲೈನ್ ಬುಕ್ಕಿಂಗ್ ಮೂಲಕ ಎಂಬ ಮಿತಿ ತಂದಿತು. ನೀರಿನಡಿಯ ನೂಕುನುಗ್ಗಲು ಹಾಗೆ ವೈರಲ್ ಆಗುವುದಿಲ್ಲ. ಆದರೂ ನೇತ್ರಾಣಿಗೆ ಅಂಥದೇ ಮಿತಿ ಬೇಕು: ದಿನಕ್ಕೆ ಇಷ್ಟೇ ದೋಣಿ, ಒಬ್ಬ ತರಬೇತುದಾರನಿಗೆ ಇಷ್ಟೇ ಜನ, ಲಂಗರಿಗೆ ನಿಷೇಧ. ದರ ಒಂದಿಷ್ಟು ಏರಿದರೆ ಏರಲಿ.

ಅಲ್ಲಿಯವರೆಗೆ ಪ್ರವಾಸಿಗರ ಕೈಯಲ್ಲಿ ಒಂದು ಅಸ್ತ್ರವಿದೆ. ಬುಕ್ ಮಾಡುವಾಗ ‘ವಿಡಿಯೊ ಫ್ರೀನಾ?’ ಎಂದು ಕೇಳುವ ಮೊದಲು, ದೋಣಿಯಲ್ಲಿ ತುರ್ತಿಗೆಂದು ಆಮ್ಲಜನಕ ಇಟ್ಟಿದ್ದೀರಾ, ದೋಣಿಯನ್ನು ಯಾವುದಕ್ಕೆ ಕಟ್ಟುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆಯವರ ಹತ್ತಿರ ಹೋಗಿ.