ಎರೆನೆಲದ ಕಟ್ಟಡ: ಬಿರುಕಿಗೆ ಬಣ್ಣ ಪರಿಹಾರವಲ್ಲ

ಧಾರವಾಡ, ಗದಗ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಮನೆ, ಮಳಿಗೆ, ಗೋದಾಮು ಕಟ್ಟಿಸಿದ ವರ್ತಕರಿಗೆ ಗೋಡೆಯ ಬಿರುಕು ಹೊಸದೇನಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಸಿಮೆಂಟು ಮೆತ್ತಿ ಬಣ್ಣ ಬಳಿಸುವುದು, ಬೇಸಿಗೆಯಲ್ಲಿ ಅದೇ ಬಿರುಕು ಮತ್ತೆ ಬಾಯ್ದೆರೆಯುವುದು ವಾಡಿಕೆಯೇ ಆಗಿಬಿಟ್ಟಿದೆ. ಲೆಕ್ಕಪುಸ್ತಕದಲ್ಲಿ ಇದು ದುರಸ್ತಿ ವೆಚ್ಚವೆಂದು ದಾಖಲಾಗುತ್ತದೆ. ವಾಸ್ತವದಲ್ಲಿ ದುರಸ್ತಿಯಾದದ್ದು ಬಣ್ಣ ಮಾತ್ರ.

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಟ್ಟಡದ ನಡುಭಾಗದ ಕೆಳಗೆ ತೇವ ಉಳಿಯುತ್ತದೆ. ಅಂಚಿನ ಮಣ್ಣು ಬಿಸಿಲಿಗೆ ಒಣಗುತ್ತದೆ. ಹೀಗೆ ಒಂದು ಮೂಲೆ ಮಾತ್ರ ಇಳಿದಾಗ ಗೋಡೆ ಸೀಳುತ್ತದೆ. ಗಿಲಾವಿನ ಮೇಲಿನ ಕೂದಲೆಳೆಯಂತಹ ಗೆರೆಗಳಿಗೆ ಅಂಜಬೇಕಾಗಿಲ್ಲ. ಆದರೆ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ, ಒಂದು ತುದಿಯಲ್ಲಿ ಅಗಲವಾದ ಬಿರುಕು, ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಬಾಗಿಲು, ಗೋಡೆಯನ್ನು ಬಿಟ್ಟು ಇಳಿದ ನೆಲ, ಇವು ಬುನಾದಿಯ ದೂರುಗಳು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಭದ್ರವಾಗಿ ಕೂಡಿಸಿ ದಿನಾಂಕ ಬರೆದಿಡುವುದು ಹಳೆಯ ಉಪಾಯ. ಗಾಜು ಒಡೆದರೆ ಚಲನೆ ನಿಂತಿಲ್ಲವೆಂದೇ ಅರ್ಥ.

ದುರಸ್ತಿ ಆರಂಭವಾಗಬೇಕಾದುದು ನೀರಿನಿಂದ. ಸೋರುವ ಕೊಳವೆ, ಗೋಡೆಗೆ ಹತ್ತಿದ ಚರಂಡಿ, ಬುನಾದಿಯ ಬಳಿಯೇ ಬೀಳುವ ಮಾಳಿಗೆಯ ನೀರು ಇವನ್ನು ಸರಿಪಡಿಸಿ, ಕಟ್ಟಡದ ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು ಹಾಕಿಸಿದರೆ ಅನೇಕ ಕಟ್ಟಡಗಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದಲ್ಲಿ ಬುನಾದಿಯ ಕೆಳಗೆ ಗಟ್ಟಿ ಗರಸಿನವರೆಗೆ ಅಗೆದು ಕಾಂಕ್ರೀಟ್ ತುಂಬಿಸಬೇಕು. ಇದನ್ನು ಎಂಜಿನಿಯರರ ಎದುರಿನಲ್ಲಿ, ಸುಮಾರು ಒಂದೊಂದು ಮೀಟರಿನ ತುಂಡುಗಳಾಗಿ, ನಡುವೆ ಜಾಗ ಬಿಟ್ಟು ಮಾಡಿಸತಕ್ಕದ್ದು. ಕೂಲಿ ಉಳಿಸಲು ಗೋಡೆಯುದ್ದಕ್ಕೂ ಒಮ್ಮೆಗೇ ಅಗೆಸುವವನು ಗೋಡೆಯನ್ನೇ ಕಳೆದುಕೊಂಡಾನು.

ಹೊಸದಾಗಿ ಕಟ್ಟಿಸುವವರು ಇಷ್ಟು ದೂರ ಬರಬೇಕಾದ ಕಾರಣವಿಲ್ಲ. ಮಣ್ಣಿನ ಉಬ್ಬುವ ಗುಣವನ್ನು ಅಳೆಯುವ ಪ್ರಮಾಣಿತ ಪರೀಕ್ಷೆಗೆ ಬೇಕಾಗುವುದು 10 ಗ್ರಾಂ ಮಣ್ಣಿನ ಎರಡು ಮಾದರಿ, ನೀರು, ಸೀಮೆಎಣ್ಣೆ ಮತ್ತು ಒಂದು ದಿನದ ಕಾಲಾವಕಾಶ. ಇಂತಹ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಉಬ್ಬಿರುವ ಕಂಬದ ಬುನಾದಿಯನ್ನು ರೂಪಿಸಿದೆ. ಯಂತ್ರಕ್ಕೆ ಮೂರು ಕಡೆ ದರಪಟ್ಟಿ ತರಿಸುವ ಉದ್ದಿಮೆದಾರರು ನಿವೇಶನದ ಮಣ್ಣನ್ನು ಒಮ್ಮೆಯೂ ಪರೀಕ್ಷಿಸದಿರುವುದು ಸೋಜಿಗವೇ ಸರಿ.

ವಿಮೆಯಿದೆಯೆಂಬ ಧೈರ್ಯವೂ ಇಲ್ಲಿ ನೆರವಾಗದು. 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ದಿಮೆಗಳಿಗಾಗಿ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಭೂಕುಸಿತದ ನಷ್ಟಕ್ಕೆ ರಕ್ಷಣೆಯುಂಟು; ಆದರೆ ಹೊಸ ಕಟ್ಟಡದ ಸಹಜ ಇಳಿತ, ಬಿರುಕು, ದೋಷಯುಕ್ತ ವಿನ್ಯಾಸ ಮತ್ತು ಕಳಪೆ ಕೆಲಸಗಳನ್ನು ಅದರಿಂದ ಹೊರಗಿಡಲಾಗಿದೆ. ಗೋದಾಮಿನ ಮೂಲೆ ಇಳಿದರೆ ಆ ವೆಚ್ಚ ಬಹುತೇಕ ಮಾಲೀಕನ ಖಾತೆಗೇ ಬೀಳುತ್ತದೆ.