ಹಿಮ್ಮಡಿ ಅಳೆದು ಮಾತ್ರೆ ಕೊಟ್ಟರೆ ಸಾಕೇ?



ಅಕ್ಟೋಬರ್ 20ರ ವಿಶ್ವ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ದಿನ ಹತ್ತಿರ ಬಂತೆಂದರೆ ಉಚಿತ ‘ಮೂಳೆ ಸಾಂದ್ರತೆ ತಪಾಸಣೆ’ಯ ಫ್ಲೆಕ್ಸ್‌ಗಳು ಏಳುತ್ತವೆ. ಹಿಮ್ಮಡಿಯನ್ನು ಯಂತ್ರದಲ್ಲಿ ಇಡಿಸಿ, ಚೀಟಿಯಲ್ಲಿ ಒಂದು ಅಂಕಿ ಬರೆದು, ಕ್ಯಾಲ್ಸಿಯಂ ಮಾತ್ರೆ ಕೈಗಿಟ್ಟು ಕಳಿಸುತ್ತಾರೆ. ಹಿಮ್ಮಡಿಯ ಅಲ್ಟ್ರಾಸೌಂಡ್ ಅಪಾಯದ ಸುಳಿವು ಕೊಟ್ಟೀತೇ ಹೊರತು ಕಾಯಿಲೆ ಇದೆಯೆಂದು ತೀರ್ಮಾನಿಸಲು ಸಾಲದು. ಅದಕ್ಕೆ ಸೊಂಟ, ಬೆನ್ನುಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಬೇಕು. ಅದರಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಶಿಬಿರದಲ್ಲಿ ಈ ಮಾತು ಹೇಳುವವರು ಅಪರೂಪ.

ಸರ್ಕಾರದ ಕಡೆಯಿಂದಲೂ ಸಮಾಧಾನವಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ದಾಟಿದವರಿಗೆ ಬಿಪಿ, ಸಕ್ಕರೆ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಉಂಟು. ಮೂಳೆಯ ಸರದಿ ಬರುವುದು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆಯೇ. ಮುರಿಯುವವರೆಗೂ ಈ ಕಾಯಿಲೆಗೆ ನೋವೇ ಇರುವುದಿಲ್ಲ. ಬರಬರುತ್ತಾ ಎತ್ತರ ಕಡಿಮೆಯಾಗಿ ಬೆನ್ನು ಬಾಗಿದರೆ ‘ವಯಸ್ಸಾಯ್ತು ಬಿಡಿ’ ಅನ್ನುತ್ತೇವೆ. ಒಳಗೆ ಬೆನ್ನುಮೂಳೆ ಕುಸಿದಿರಬಹುದು.

ಮುದ್ದೆ ಉಣ್ಣುವ ಸೀಮೆಗೆ ಕ್ಯಾಲ್ಸಿಯಂ ಪಾಠವೇ ಎಂದು ಕೆಲವರು ನಕ್ಕಾರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇರುವುದಿಲ್ಲ. ಆದರೆ ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕೆನ್ನುತ್ತದೆ ಐಸಿಎಂಆರ್. ನಮ್ಮ ಹನಕೆರೆ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮುದ್ದೆ ಒಂದೇ ಹೊತ್ತಿಗೆ ಇಳಿದಿದೆ. ಹಸು ಕಟ್ಟಿದ ಹೆಂಗಸರು ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಕಾಫಿಗಾಗುವಷ್ಟು ಉಳಿಸಿಕೊಳ್ಳುತ್ತಾರೆ. ಗೆಜ್ಜಲಗೆರೆಯ ಮನ್‌ಮುಲ್‌ ಹಾಲು ಒಕ್ಕೂಟದ ಪಕ್ಕದಲ್ಲೇ ಇದ್ದು ನಮ್ಮ ಗತಿ ಇದು! ಹಾಗೆಂದು ಮಾತ್ರೆ ನುಂಗಿದರೆ ಮುಗಿಯಿತೆಂದೂ ಅಲ್ಲ. ಬಿಸಿಲು ಬೇಕು, ನಡಿಗೆ ಬೇಕು, ಕಾಳು-ಮೊಟ್ಟೆಯ ಪ್ರೋಟೀನೂ ಬೇಕು. ಕಾಯಿಲೆ ಖಚಿತವಾದವರಿಗೆ ಬೇರೆ ಔಷಧಿಯೇ ಇದೆ, ಅದನ್ನು ವೈದ್ಯರೇ ಬರೆಯಬೇಕು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಕೇಳಬೇಕಾದದ್ದು ಹೆಚ್ಚೇನಿಲ್ಲ: ಸಣ್ಣದಾಗಿ ಬಿದ್ದೇ ಮೂಳೆ ಮುರಿದಿತ್ತೇ, 45ರೊಳಗೆ ಮುಟ್ಟು ನಿಂತಿತೇ ಅಥವಾ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದಾರೆಯೇ, ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದ್ದಾರೆಯೇ. ಹೌದೆಂದವರನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳಿಸಲಿ; ಬಡವರಿಗೆ ಡೆಕ್ಸಾ ಪರೀಕ್ಷೆ ಉಚಿತವಾಗಿ ಸಿಗುವಂತೆ ಜಿಲ್ಲಾಡಳಿತ ನೋಡಿಕೊಳ್ಳಲಿ. ಹಿಮ್ಮಡಿ ಪರೀಕ್ಷೆ ಅಂತಿಮವಲ್ಲ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸದ ಶಿಬಿರಗಳಿಗೆ ಆರೋಗ್ಯ ಇಲಾಖೆ ಅವಕಾಶ ಕೊಡಬಾರದು.

– ಓದುಗಿ, ಹನಕೆರೆ, ಮಂಡ್ಯ ಜಿಲ್ಲೆ